ಹೊಗೆಗೆ ಯಾರ ಮನೆ ಹೇಳಲಿ

ನಮ್ಮೂರಿನಲ್ಲಿ ಮನೆಗೆ ಇಬ್ಬರು ಹಿರಿಯರು. ಒಬ್ಬರು ಒಳಗೆ ಕಂಬಕ್ಕೆ ಒರಗಿ ಕುಳಿತಿರುತ್ತಾರೆ, ಇನ್ನೊಬ್ಬರು ಮಾಳಿಗೆಯ ಮೇಲೆ ಮಲಗಿರುತ್ತಾರೆ. ಒಳಗಿನವರು ಒಂದು ದಿನ ಹೊರಟುಹೋಗುತ್ತಾರೆ, ಮೇಲಿನವರು ಹೋಗುವುದಿಲ್ಲ. ಆ ಮನೆಗೆಂದು ಎಲ್ಲೋ ಇಟ್ಟಿಗೆ ಸುಟ್ಟಾಗ, ಸುಣ್ಣ ಬೇಯಿಸಿದಾಗ, ಸಿಮೆಂಟು ಅರೆದಾಗ, ಕಬ್ಬಿಣ ಕಾಯಿಸಿದಾಗ ಎದ್ದ ಹೊಗೆಯೆಲ್ಲ ಒಂದಾಗಿ, ಕಟ್ಟಡ ಮುಗಿದ ದಿನ ಸಂಜೆ ಊರ ಅಗಸಿಬಾಗಿಲಿಗೆ ಬಂದು ನಿಲ್ಲುತ್ತದೆ. ಮೇಯಲು ಹೋದ ಎಮ್ಮೆ ಹಟ್ಟಿಯ ಬಾಗಿಲಿಗೆ ಬಂದು ನಿಲ್ಲುವುದಿಲ್ಲವೇ, ಹಾಗೆ. ಕರೆದರೆ ಬರುತ್ತದೆ. ಕರೆಯಲೇಬೇಕು.

ಕರೆಯುವುದು ನಮ್ಮ ಮನೆತನದ ಕಾಯಕ. ನನ್ನ ಹೆಸರು ಕೆಂಚಯ್ಯ. ಒಂದು ಒದ್ದೆ ಬಿಳಿ ವಸ್ತ್ರ, ಒಂದು ಬಟ್ಟಲು ಮಜ್ಜಿಗೆ, ಹಿಡಿ ಜೋಳದ ನುಚ್ಚು, ಇಷ್ಟೇ ನನ್ನ ಸಾಮಾನು. ಅಗಸಿಯಲ್ಲಿ ನಿಂತು ವಸ್ತ್ರ ಬೀಸುತ್ತ, "ಸುಟ್ಟವರು ನಾವು, ಹುಟ್ಟಿದ್ದು ನೀನು. ನಮ್ಮ ಸೂರೇ ನಿನ್ನ ಸೂರು, ಬಾ ತಂದೆ" ಎನ್ನುತ್ತೇನೆ. ಅದು ಹಿಂದೆ ಹಿಂದೆ ಬಂದು ತನ್ನ ಮಾಳಿಗೆ ಏರುತ್ತದೆ. ಮೊದಮೊದಲು ಅದರದು ಎಳೆ ಪ್ರಾಯ, ನಿಂತಲ್ಲಿ ನಿಲ್ಲುವುದಿಲ್ಲ. ಕಿಟಕಿಯಲ್ಲಿ ಇಣುಕುತ್ತದೆ, ಅಡುಗೆಮನೆಗೆ ಇಳಿಯುತ್ತದೆ, ಕಣ್ಣು ಉರಿಸುತ್ತದೆ, ಎದೆ ಹಿಡಿಯುತ್ತದೆ. ವರ್ಷ ಕಳೆದಂತೆ ಮೆತ್ತಗಾಗಿ, ಕೊನೆಗೆ ಕಂಬಳಿ ಹೊದ್ದ ಮುದುಕನ ಹಾಗೆ ಮಾಳಿಗೆಯ ಮೇಲೆ ಮಲಗಿಬಿಡುತ್ತದೆ. ಬೇಸಿಗೆಯಲ್ಲಿ ನೆರಳೂ ಕೊಡುತ್ತದೆ.

ಒಮ್ಮೆ ಮಲಗಿದ್ದನ್ನು ಮಾತ್ರ ಎಬ್ಬಿಸಬಾರದು. ಎಬ್ಬಿಸಿದರೆ ಹುಟ್ಟಿದ ದಿನದ ಪ್ರಾಯ ಅದಕ್ಕೆ ಮರಳಿ ಬರುತ್ತದೆ, ಹುಟ್ಟಿದ ದಿನದ ಸಿಟ್ಟೂ ಬರುತ್ತದೆ. ಹಾಗಾಗಿ ಯಾರಾದರೂ ಮನೆ ಕೆಡವಬೇಕಾದರೆ ಹಾರೆ ಹಿಡಿಯುವ ಮೊದಲು ನನ್ನನ್ನು ಕರೆಯುತ್ತಾರೆ. ನಾನು ಹೋಗಿ, ಊರ ನಾಲ್ಕು ಜನರ ಎದುರಿಗೆ, ಇನ್ನು ಮುಂದೆ ನಿನ್ನ ಮನೆ ಇಂಥದ್ದು ಎಂದು ಹೆಸರು ಹೇಳಿ ಎಬ್ಬಿಸಬೇಕು. ಹೊಗೆಗೆ ದಾರಿ ಹೇಳದೆ ಎಬ್ಬಿಸಬೇಡ, ಸುಳ್ಳು ದಾರಿ ಹೇಳಬೇಡ. ಅಪ್ಪ ನನಗೆ ಕಲಿಸಿದ ವಿದ್ಯೆ ಇಷ್ಟೇ. ಅವನ ಕಾಲದಲ್ಲಿ ಎಬ್ಬಿಸುವ ಕೆಲಸ ಅಪರೂಪ. ಯಾರದಾದರೂ ವಂಶ ತೀರಿ ಮನೆ ಬಿದ್ದರೆ, ಪಕ್ಕದ ಮನೆಯವರೇ "ನಮ್ಮ ಹೆಸರು ಹೇಳಪ್ಪ, ಅದೇನು ನಮಗ ಬ್ಯಾರೆ ಅಲ್ಲ" ಎನ್ನುತ್ತಿದ್ದರಂತೆ.

ಆಮೇಲೆ ಸಿಮೆಂಟಿನ ಕಾಲ ಬಂತು. ಮಹಡಿಯ ಮೇಲೆ ಮಹಡಿ ಎದ್ದವು. ಸಿಮೆಂಟಿನ ಹೊಗೆ ಒದ್ದೆ ಬೂದಿಯ ಬಣ್ಣದ್ದು, ಬಲು ಭಾರ. ಎರಡು ಮಹಡಿಯ ಮನೆಯ ಮೇಲೆ ಮೂರು ಮಹಡಿಯಷ್ಟು ಹೊಗೆ ಕುಳಿತುಕೊಳ್ಳುತ್ತಿತ್ತು. ಬಜಾರದ ಬೀದಿಯಲ್ಲಿ ಕೋಳಿಗಳು ಮಧ್ಯಾಹ್ನವೇ ಗೂಡು ಸೇರತೊಡಗಿದವು. ಗುಡಿಯ ಪೂಜಾರಿ ಹೊತ್ತು ತಿಳಿಯದೆ ಸಂಜೆಯ ಮಂಗಳಾರತಿಯನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಎತ್ತಿದ. ಇಷ್ಟಾದರೂ ಊರು ಸುಮ್ಮನಿತ್ತು. ಒಂದು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಕಿದ ಹಪ್ಪಳ ಒಣಗದೆ ಬೂಸರು ಹಿಡಿದಾಗ ಹೆಂಗಸರು ಹಪ್ಪಳದ ತಟ್ಟೆ ಹೊತ್ತುಕೊಂಡೇ ಪುರಸಭೆಗೆ ನುಗ್ಗಿದರು. ಹಗುರ ಮನೆ ಕಾನೂನು ಬಂದದ್ದು ಹಾಗೆ.

ಆ ಕಾನೂನನ್ನು ನಾನು ಬೈಯಲಾರೆ, ಬೈದರೆ ದೇವರು ಮೆಚ್ಚುವುದಿಲ್ಲ. ಇನ್ನು ಮೇಲೆ ಊರೊಳಗೆ ಯಾರೂ ಭಟ್ಟಿ ಹಾಕಬಾರದು, ಕಾಂಕ್ರೀಟು ಕಲಸಬಾರದು. ಗೋಡೆ, ಮಾಳಿಗೆಯ ಚಪ್ಪಡಿ, ಬಾಗಿಲ ಚೌಕಟ್ಟು ಎಲ್ಲ ದೂರದ ಕಾರ್ಖಾನೆಯಲ್ಲಿ ಅಚ್ಚು ಹೊಯ್ದು ಸಿದ್ಧವಾಗಿ ಲಾರಿಯಲ್ಲಿ ಬರಬೇಕು. ಕ್ರೇನು ಎತ್ತಿ ನಿಲ್ಲಿಸುತ್ತದೆ, ಬೋಲ್ಟು ಬಿಗಿದರೆ ಮನೆ. ಜನ ಅದನ್ನು ರೆಡಿಮೇಡ್ ಗೋಡೆ ಎಂದರು. ಮೊದಲ ಮನೆ ದರ್ಜಿಯವನದು. ಸಂಜೆ ಅಗಸಿಯಲ್ಲಿ ವಸ್ತ್ರ ಹಿಡಿದು ನಿಂತೆ. ಲಾರಿಯ ಹಿಂದೆ ಒಂದು ಮೇಕೆಮರಿಯಷ್ಟು ಹೊಗೆ ಕುಣಿಯುತ್ತ ಬಂತು, ದೂರದ ಹಾದಿಯಲ್ಲವೇ, ಲಾರಿಯ ಹೊಗೆಯೂ ಬಾಲದ ಹಾಗೆ ಅದಕ್ಕೆ ಅಂಟಿಕೊಂಡಿತ್ತು. ಬಾಲ ಸೇರಿದರೂ ಮರಿಯೇ. ದರ್ಜಿಯ ಮಾಳಿಗೆಯ ಮೇಲೆ ಬಿಸಿಲು ಬಿದ್ದದ್ದನ್ನು ನೋಡಿ ನನ್ನ ಕಣ್ಣು ತುಂಬಿ ಬಂದವು. ಶಿವ ಕಣ್ಣು ಬಿಟ್ಟ ಎಂದುಕೊಂಡೆ.

ದರ್ಜಿಯದು ಬಯಲು ಜಾಗ. ಊರಿನಲ್ಲಿ ಬಯಲು ಜಾಗ ಎಷ್ಟಿದ್ದೀತು? ಕಾನೂನಿನ ಸಹಾಯಧನ ಸಿಗುವುದು ಪೂರ್ತಿ ಹೊಸ ಮನೆಗೆ ಮಾತ್ರ. ಇದ್ದ ಮನೆಗೆ ಎರಡು ಗೋಡೆ ಸೇರಿಸುತ್ತೇನೆ ಎಂದವನಿಗೆ ಏನೂ ಇಲ್ಲ. ನೆಲಮಟ್ಟ ಕೆಡವಿ, ಜಾಗ ಖಾಲಿ ಮಾಡಿ ತೋರಿಸಬೇಕು. ಹೀಗಾಗಿ ಇನ್ನೊಂದು ತಲೆಮಾರು ಬಾಳುವ ಗಟ್ಟಿ ಮನೆಗಳನ್ನೂ ಜನ ಬೀಳಿಸತೊಡಗಿದರು. ಬೀಳಿಸುವ ಮುನ್ನ ನನ್ನನ್ನು ಕರೆದು, "ನಮ್ಮ ಹಿರಿಯಾ ನಮ್ಮ ಜತಿಗೇ ಬರ್ಲಿ, ಹೊಸ ಮನಿ ಹೆಸರೇ ಹೇಳಯ್ಯ" ಎಂದರು. ಹೇಳಿದೆ. ಮರಿಹೊಗೆಯ ಮನೆಯ ಮೇಲೆ ಹಳೆಯ ಮನೆಯ ಹೊಗೆ ಪ್ರಾಯ ತಂದುಕೊಂಡು ಏರಿ ಕುಳಿತಿತು. ಅಧಿಕಾರಿಗಳು ಪರೀಕ್ಷೆಗೆ ಬಂದರೆ ಹಗುರ ಮನೆ ಹಳೆಯ ಮನೆಗಿಂತ ಕತ್ತಲೆ! ಗಾಬರಿಯಾಗಿ, ಹಳೆಯ ಹೊಗೆಗೆ ಹೊಸ ಮನೆಯ ಹೆಸರು ಹೇಳಕೂಡದು ಎಂದು ಡಂಗುರ ಸಾರಿಸಿದರು.

"ಹಂಗಾದ್ರ ಏನಂತ ಹೇಳ್ಲಿ?" ಎಂದು ಪುರಸಭೆಯ ಅಧ್ಯಕ್ಷರಾದ ಪಂಪನಗೌಡರನ್ನು ಕೇಳಿದೆ.

"ಕೆರಿಯಂಗಳ ಅನ್ನು. ಕೆರಿ ಒಣಗಿ ಬಿದ್ದೈತಿ, ಅಲ್ಲಿ ಯಾರದಾರ?" ಎಂದರು ಗೌಡರು.

ಅಂದೆ. ಒಂದು ಮನೆಗೆ ಅಂದೆ, ಹತ್ತು ಮನೆಗೆ ಅಂದೆ, ಬೀದಿ ಬೀದಿಗೆ ಅಂದೆ. ಹೊಗೆಗಳು ನನ್ನ ಮಾತು ನಂಬಿ ಎದ್ದು ಹೋದವು. ಕೆರೆಯಂಗಳದಲ್ಲಿ ಮಲಗಲು ಸೂರಿರಲಿಲ್ಲ. ಸೂರು ಹುಡುಕುತ್ತ ಕೆರೆಯ ಏರಿಯನ್ನು ದಾಟಿ ಪಕ್ಕದ ಓಣಿಗೆ ಬಂದವು. ಅದು ನಮ್ಮ ಓಣಿ. ಯಾರ ಮಾಳಿಗೆಯೂ ಅವುಗಳದಲ್ಲ, ಹಾಗಾಗಿ ಯಾವುದರ ಮೇಲೂ ಮಲಗಲಿಲ್ಲ. ಬಾಗಿಲಿಂದ ಬಾಗಿಲಿಗೆ ತಿರುಗುತ್ತಲೇ ಇದ್ದವು. ಮೇಲಿನ ಊರಿನಲ್ಲಿ ಹಪ್ಪಳ ಒಣಗಿದವು. ಕಚೇರಿಯ ಗೋಡೆಯ ಮೇಲೆ ಊರು ಹಗುರಾಯಿತೆಂದು ದೊಡ್ಡ ಅಕ್ಷರದಲ್ಲಿ ಬರೆಸಿದರು. ಬರೆದದ್ದು ಸುಳ್ಳಲ್ಲ, ಅವರು ತೂಗಿದ್ದು ಬರುವ ಹೊಗೆಯನ್ನಷ್ಟೇ. ಎದ್ದು ಹೋದದ್ದನ್ನು ಯಾರೂ ತೂಗಲಿಲ್ಲ. ನಾನು ಬೆಳಗಾದರೆ ಎದ್ದು ಯಾರದೋ ಹಿರಿಯರನ್ನು ಎಬ್ಬಿಸಿ ಬರುತ್ತಿದ್ದೆ. ಕೈ ಸೋತಿತು, ದನಿ ಸೋತಿತು. ಪೂಜೆಗೆ ಕುಳಿತರೆ ಲಿಂಗದ ಮೇಲೂ ಹೊಗೆಯ ಪೊರೆ. ಒರೆಸುತ್ತಿದ್ದೆ, ಮತ್ತೆ ಕೂಡುತ್ತಿತ್ತು.

ಇಂಥ ಹೊತ್ತಿನಲ್ಲಿ ಮಗಳು ಹುಲಿಗೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತಾಯಿ ಇಲ್ಲದ ತವರು. ಬಾಣಂತನಕ್ಕೆ ನೆರೆಯ ಹೆಂಗಸರಿದ್ದರು, ಆದರೆ ಉಸಿರಿಗೆ ಯಾರಿರುತ್ತಾರೆ? ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವಳು. ಬೆಳಗ್ಗೆ ಏರಿಯ ಮೇಲೆ ಹತ್ತಿ ನಿಂತು, ನೀರು ಕುಡಿದ ಹಾಗೆ ಗಾಳಿ ಕುಡಿದು ಬರುವಳು. ಊರಿನ ಹೆರಿಗೆಗಳನ್ನೆಲ್ಲ ನೋಡುವ ಮೆಹಬೂಬಿ ನರ್ಸಮ್ಮ ಅವಳ ಬೆನ್ನಿಗೆ ಕಿವಿಗೊಟ್ಟು ಕೇಳಿ, ನನ್ನನ್ನು ಹೊರಗೆ ಕರೆದಳು.

"ಕೆಂಚಯ್ಯಾರ, ಈ ಓಣ್ಯಾಗ ಹಡಿಯೂದು ಬ್ಯಾಡ. ಬ್ಯಾನಿ ತಿನ್ನಾಕ ಉಸುರು ಬೇಕು. ತಾಯಿಗೆ ಉಸುರಿಲ್ಲಂದ್ರ ಕೂಸಿಗೆ ಎಲ್ಲಿಂದ ತರೂದು? ಛತ್ರದ ಜಾಗಾದಾಗ ಹೊಸಾ ಹೆರಿಗಿ ದವಾಖಾನಿ ಆಗ್ತೈತಲ್ಲ, ಅಷ್ಟೊತ್ತಿಗೆ ಅದು ಎದ್ದಿರ್ತೈತಿ. ಅಲ್ಲಿಗೆ ಕರ್ಕೊಂಡ್ ಬರ್ರಿ."

ಛತ್ರ ಎಂದರೆ ಊರ ಮೇಲಿನ ಕಲ್ಲುಬಂಡೆಯ ಹತ್ತಿರ ಹಿಂದಿನವರು ಪರಸ್ಥಳದವರಿಗೆಂದು ಕಟ್ಟಿಸಿದ ಇಟ್ಟಿಗೆ ಗಾರೆಯ ಕಟ್ಟಡ. ಒಳಗೆ ಒಂದೇ ಒಂದು ದೊಡ್ಡ ಪಡಸಾಲೆ, ಎರಡು ಸಾಲು ಕಂಬ. ಅದರ ಇಟ್ಟಿಗೆಗೆ ಒಂದು ಗುಡ್ಡದ ಅಡವಿಯನ್ನೇ ಸುಟ್ಟಿದ್ದರಂತೆ. ಹಾಗಾಗಿ ಊರಿನಲ್ಲೇ ದೊಡ್ಡ ಹೊಗೆ ಅದರದು. ನನ್ನ ಅಪ್ಪ ಹುಟ್ಟುವ ಮೊದಲೇ ಮಲಗಿದ್ದು, ಇನ್ನೂ ಮಗ್ಗುಲು ಬದಲಿಸಿಲ್ಲ. ಈಗ ಅದನ್ನು ಕೆಡವಿ, ರೆಡಿಮೇಡ್ ಗೋಡೆಯ ದವಾಖಾನೆ ಕಟ್ಟಬೇಕು. ಎಬ್ಬಿಸಬೇಕಾದವನು ನಾನು.

ಎಬ್ಬಿಸುವ ಹಿಂದಿನ ದಿನ ರೊಟ್ಟಿ ತಟ್ಟುತ್ತ ಹುಲಿಗೆವ್ವ ಕೇಳಿದಳು, "ನಾಳೆ ಯಾವ ಹೆಸರು ಹೇಳ್ತಿ ಯಪ್ಪಾ?"

"ನಂದೇನೈತಿ? ಕೆರಿಯಂಗಳ ಅನ್ನು ಅಂದಾರ."

"ಅಷ್ಟು ದೊಡ್ಡದು ಕೆರಿಯಾಗ ಹಿಡಿತೈತೇನು?"

ನಾನು ಒಲೆಗೆ ಕಟ್ಟಿಗೆ ನೂಕಿದೆ. ಅವಳೇ ಒಲೆ ನೋಡುತ್ತ, "ದವಾಖಾನಿ ಹೆಸರು ಹೇಳಿದ್ರ?" ಎಂದಳು.

"ಹೇಳಬಾರದಂತ ಐತಿ. ಹೇಳಿದ್ರೂ ಅಲ್ಲಿ ಹುಟ್ಟೋ ಕೂಸುಗಳು ಮೊದಲ ಉಸುರಿಗೆ ಅದನ್ನ ಕುಡಿಬೇಕು. ಮೊದಲನೇದು ನಿಂದ."

ಹುಲಿಗೆವ್ವ ನಕ್ಕಳು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಎಲ್ಲಿ ಹೋದ್ರೂ ನನ್ನ ಬೆನ್ನ ಬಿಡಂಗಿಲ್ಲ ನೋಡು ಅದು. ನನ್ನ ಗಂಡಗಿಂತ ಅದ ಛಲೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೋ, ಯಾತಕ್ಕೋ.

ಮರುದಿನ ಬೆಳಗ್ಗೆ ಛತ್ರದ ಮುಂದೆ ಜಾತ್ರೆಯಷ್ಟು ಜನ. ಪಂಪನಗೌಡರು ತಲೆಗೆ ಹೊಸ ಪಟಗ ಸುತ್ತಿದ್ದರು. ಕಾನೂನಿನ ಕಚೇರಿಯಿಂದ ಬಂದ ಇಂಜಿನಿಯರ್ ವನಜಾಕ್ಷಿ ಛತ್ರಿ ಮಡಿಸಿಕೊಂಡು ಕಂಬದ ಪಕ್ಕ ನಿಂತಿದ್ದರು, ಬೇರೆ ಊರಿನ ಹೆಂಗಸು, ಮೆಲುಮಾತಿನವರು. ಕ್ರೇನಿನ ಯಂಕೋಬ ಚಕ್ರದ ಮೇಲೆ ಕುಳಿತು ಮಂಡಾಳು ತಿನ್ನುತ್ತಿದ್ದ. ಲಾರಿಗಳ ಸಾಲಿನಲ್ಲಿ ಗೋಡೆಗಳು ಒಂದಕ್ಕೊಂದು ಒರಗಿದ್ದವು. ಅವುಗಳ ಮರಿಹೊಗೆಗಳು ಚಕ್ರಗಳ ಸಂದಿಯಲ್ಲಿ ಆಡುತ್ತಿದ್ದವು. ಮೇಲೆ, ಮಾಳಿಗೆಯ ತುಂಬ, ಆ ಹಿರಿಯ ಏನೂ ಅರಿಯದೆ ಮಲಗಿತ್ತು.

ಮಜ್ಜಿಗೆ ಎರೆದೆ. ನುಚ್ಚು ಚೆಲ್ಲಿದೆ. ವಸ್ತ್ರ ಎತ್ತಿ ಹಿಡಿದೆ. "ಛತ್ರದ ತಂದೆ, ನಿನ್ನ ಸೂರು ಬೀಳುವ ದಿನ ಬಂತು. ಇನ್ನು ಮುಂದೆ ನಿನ್ನ ಮನೆ..." ಎನ್ನುವ ತನಕ ಬಾಯಿ ನಡೆಯಿತು. ಮುಂದಿನ ಹೆಸರು ಬರಲಿಲ್ಲ. ಹಟವಲ್ಲ, ಸಿಟ್ಟಲ್ಲ. ದಣಿದ ಎತ್ತು ಏರಿನಲ್ಲಿ ನಿಂತುಬಿಡುತ್ತದಲ್ಲ, ಹಾಗೆ ನಿಂತೆ. ಜನರ ಕಡೆ ತಿರುಗಿದೆ.

"ಯಾರ ಮನಿ ಹೆಸರು ಹೇಳ್ಲಿ?" ಎಂದೆ.

"ಗೊತ್ತಿದ್ದದ್ದ ಕೇಳ್ತಿಯಲ್ಲೋ ಕೆಂಚಯ್ಯಾ," ಎಂದರು ಗೌಡರು. "ಕೆರಿಯಂಗಳ ಅನ್ನು, ಲಗೂನ ಮುಗಸು."

"ಕೆರಿಯಂಗಳ ಮನಿ ಅಲ್ರಿ ಗೌಡ್ರ. ಇಷ್ಟು ದಿನ ಅಂದೆ, ಪಾಪ, ನಂಬಿ ಹೋದ್ವು. ಅಲ್ಲಿ ಸೂರಿಲ್ಲ. ಇದಕ್ಕೂ ಹಂಗ ಅನ್ನಾಕ ನನ್ನ ಬಾಯಾಗ ಕಸುವಿಲ್ಲ. ಒಂದು ಮನಿ ಹೆಸರು ಕೊಡ್ರಿ. ಯಾರದಾದ್ರೂ ಸರಿ, ನಾ ಕರೀತೀನಿ."

ಯಂಕೋಬ ಮಂಡಾಳು ನುಂಗಿ, "ಗೌಡ್ರ ಮನಿ ದೊಡ್ಡದೈತ್ರಿ, ಮಾಳಿಗೀನೂ ಖಾಲಿ ಐತಿ!" ಎಂದ. ಜನ ಗೊಳ್ಳೆಂದರು.

"ಲೇ, ನಮ್ಮವ್ವಗ ದಮ್ಮು ಐತಿ," ಎಂದರು ಗೌಡರು. ನಗುತ್ತ ಹೇಳಲು ಹೋದ ಮಾತು ನಗುವಾಗಿ ಹೊರಬರಲಿಲ್ಲ. "ನಿಂದು ಹೇಳಸಲೇ ಹಂಗಾದ್ರ."

"ನಂದು ಬಾಡಿಗಿ ಮನಿರೀ. ಮಾಲಕನ್ನ ಕೇಳಬೇಕು," ಎಂದ ಯಂಕೋಬ.

"ಗುಡಿ ಹೆಸರು ಹೇಳ್ರಿ," ಎಂದು ಹಿಂದಿನಿಂದ ಯಾರೋ ಕೂಗಿದರು. ಪೂಜಾರಿ ತಿರುಗಿ, "ಒಳಗ ಕುಂತಾವನ್ನ ಕೇಳಿ ಬರ್ಲೇನು? ಅಂವ ಹುಂ ಅಂದ್ರ ಹೇಳ್ತೀನಿ" ಎಂದ. ಕೇಳಲು ಮಾತ್ರ ಹೋಗಲಿಲ್ಲ. ದರ್ಜಿ ತನ್ನ ಮಾಳಿಗೆಯ ದಿಕ್ಕಿಗೆ ನೋಡಿ ತಲೆ ತಗ್ಗಿಸಿದ. ನಗು ಅಲ್ಲಲ್ಲೇ ಆರಿತು. ಒಬ್ಬೊಬ್ಬರ ಮುಖ ನೋಡುತ್ತ ಬಂದೆ, ಒಬ್ಬೊಬ್ಬರೂ ತಮ್ಮ ಚಪ್ಪಲಿ ನೋಡಿದರು. ನಮ್ಮ ಓಣಿಯವರು ಮೂಲೆಯಲ್ಲಿ ನಿಂತಿದ್ದರು. ಅವರನ್ನು ನಾನು ಕೇಳಲಿಲ್ಲ. ಇಷ್ಟು ದಿನ ಅವರನ್ನು ಕೇಳದೆಯೇ ಎಲ್ಲ ಆಗಿತ್ತು.

ವಸ್ತ್ರ ಹೆಗಲಿಗೆ ಹಾಕಿಕೊಂಡು ಛತ್ರದ ಮೆಟ್ಟಿಲ ಮೇಲೆ ಕುಳಿತೆ. ಹೊಗೆ ಮಲಗಿರುವ ಗೋಡೆಗೆ ನಮ್ಮೂರಿನಲ್ಲಿ ಯಾರೂ ಹಾರೆ ಹಾಕುವುದಿಲ್ಲ. ಗೌಡರು ಬೈದರು, ಆಮೇಲೆ ಕೈ ಮುಗಿದರು, ಆಮೇಲೆ ಅವರೂ ಪಟಗ ತೆಗೆದು ಕುಳಿತರು. ಬಿಸಿಲು ಏರಿತು. ಯಾರೂ ಮನೆಗೆ ಹೋಗಲಿಲ್ಲ. ಹೋದರೆ ಹಿಂದಿನಿಂದ ತಮ್ಮ ಮನೆಯ ಹೆಸರು ಯಾರಾದರೂ ಹೇಳಿಬಿಟ್ಟಾರು ಎಂಬ ಅಂಜಿಕೆ ಇರಬೇಕು.

ಊಟದ ಹೊತ್ತು ಮೀರಿದ್ದರಿಂದ ಹುಲಿಗೆವ್ವ ರೊಟ್ಟಿಗಂಟು ಹಿಡಿದು, ನಿಂತು ನಿಂತು ಏರು ಹತ್ತಿ ಬಂದಳು. ಜನ ದಾರಿ ಬಿಟ್ಟರು. ಬಿಸಿಲು ತಾಳದೆ ಅವಳು ಸೀದಾ ಛತ್ರದ ಪಡಸಾಲೆಗೆ ಹೋಗಿ ಕಂಬಕ್ಕೆ ಒರಗಿ ಕಾಲು ಚಾಚಿದಳು. ಸ್ವಲ್ಪ ಹೊತ್ತಿಗೆ, "ಯಪ್ಪಾ, ಒಳಗ ಬಾ, ಭಾಳ ತಂಪೈತಿ, ಇಲ್ಲೇ ಉಣ್ಣು" ಎಂದು ಕೂಗಿದಳು.

ಮೆಹಬೂಬಿ ನರ್ಸಮ್ಮ ತಟ್ಟನೆ ಎದ್ದು ನಿಂತಳು. ಒಳಗೆ ಹೋಗಿ ಅವಳ ಬೆನ್ನಿಗೆ ಕಿವಿ ಇಟ್ಟಳು. "ಏನವಾ, ಏರು ಹತ್ತಿ ಬಂದೀದಿ, ಉಸುರು ನೆಟ್ಟಗೈತಲ್ಲ?"

"ಇಲ್ಲಿ ಏನೂ ಆಗವಲ್ದು. ಮ್ಯಾಲ ಮಲಗಿದ್ದು ಕೆಳಗಿಳಿಯಂಗಿಲ್ಲಲ್ಲ," ಎಂದಳು ಹುಲಿಗೆವ್ವ. ಆಮೇಲೆ ತನ್ನ ಎಂದಿನ ಹುಡುಗಾಟದಲ್ಲಿ, "ನಾ ಇಲ್ಲೇ ಹಡೀತೀನಿ ಬಿಡ್ರಿ. ಒಂದು ಸೀರಿ ಅಡ್ಡ ಕಟ್ರಿ ಸಾಕು" ಎಂದಳು.

ನರ್ಸಮ್ಮ ನಗಲಿಲ್ಲ. ಕಂಬಗಳನ್ನು ನೋಡಿದಳು, ಲಾರಿಯ ಮೇಲಿನ ಗೋಡೆಗಳನ್ನು ನೋಡಿದಳು. "ಇಂಜಿನಿಯರಮ್ಮಾರ, ನಿಮ್ಮ ಗೋಡಿ ಈ ಕಂಬದ ನಡುವ ನಿಂದರ್ತಾವೇನು?"

ವನಜಾಕ್ಷಿ ಒಳಗೆ ಬಂದು, ಕಂಬದಿಂದ ಕಂಬಕ್ಕೆ ಮೊಳ ಹಾಕುತ್ತ ಹೋದರು. "ನಿಲ್ಲುತ್ವೆ," ಎಂದರು. ಲಾರಿಗಳ ಕಡೆ ನೋಡಿ, "ಆದ್ರೆ ಜಾಗ ಖಾಲಿ ಮಾಡದಿದ್ರೆ ಸಹಾಯಧನ ಬರಲ್ಲ. ಮಾಳಿಗೆ ಚಪ್ಪಡಿ, ಹೊರಗೋಡೆ ಎಲ್ಲಾ ವಾಪಸ್ ಹೋಗ್ಬೇಕು. ಇಷ್ಟು ಒಳಗೋಡೆಲಿ ನಾಲ್ಕು ಕೋಣೆ ಆದೀತು. ಅಷ್ಟೇ" ಎಂದರು.

"ನಾಕ ಸಾಕ್ರಿ. ಮೊದಲಿನ ದವಾಖಾನ್ಯಾಗ ಎರಡ ಇದ್ವು," ಎಂದಳು ನರ್ಸಮ್ಮ.

ವನಜಾಕ್ಷಿ ನನ್ನ ಪಕ್ಕ ಮೆಟ್ಟಿಲ ಮೇಲೆ ಕುಳಿತರು. ಅವರ ಮುಖದಲ್ಲೂ ನನ್ನದೇ ದಣಿವು. "ಯಜಮಾನ್ರೆ, ಇಷ್ಟೊಂದು ಮನೆ ಎಬ್ಬಿಸಿದ್ರಿ. ಈ ಮಾತು ಮೊದಲೇ ಯಾಕೆ ಕೇಳ್ಲಿಲ್ಲ?"

"ನೀವ್ಯಾಕ ಕೇಳ್ಲಿಲ್ಲವಾ?"

ಅವರು ಛತ್ರಿಯ ತುದಿಯಿಂದ ಮಣ್ಣು ಗೀರಿದರು. "ಬರೋ ಹೊಗೆ ಎಷ್ಟು ಅಂತ ನಮ್ಮನ್ನ ಕೇಳ್ತಾರೆ. ಏಳೋದು ಎಷ್ಟು ಅಂತ ಯಾರೂ ಕೇಳಲ್ಲ. ಕೇಳದೇ ಇರೋದನ್ನ ಹೇಳೋ ಅಭ್ಯಾಸ ತಪ್ಪಿಹೋಗಿದೆ," ಎಂದರು.

ಎಲ್ಲರೂ ಗೌಡರ ಕಡೆ ನೋಡಿದರು. ಪೂರ್ತಿ ಹೊಸ ದವಾಖಾನೆ ತಂದೆ ಎಂದು ಅವರು ಊರಿಗೆಲ್ಲ ಹೇಳಿಕೊಂಡಿದ್ದರು, ಬಾಗಿಲ ಮೇಲೆ ಹಾಕಲು ಕಲ್ಲಿನಲ್ಲಿ ಹೆಸರೂ ಕೆತ್ತಿಸಿದ್ದರು. ಅವರು ಮಾಳಿಗೆಯನ್ನೊಮ್ಮೆ, ನನ್ನನ್ನೊಮ್ಮೆ, ಕಂಬಕ್ಕೆ ಒರಗಿದ ನನ್ನ ಮಗಳನ್ನೊಮ್ಮೆ ನೋಡಿದರು. "ಆತು," ಎಂದರು ಮೆಲ್ಲಗೆ. "ನನಗೂ ಸಾಕಾಗೈತಿ. ಒಳಗ ನಿಲ್ಲಸ್ರಿ." ಪಟಗ ಸುತ್ತಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡು ಹೋದರು.

ಮಿಕ್ಕ ಲಾರಿಗಳು ತಿರುಗಿ ಹೋದವು, ಅವುಗಳ ಮರಿಗಳೂ ಹಿಂದೆ ಓಡಿದವು. ಹೋಗಿಬಂದ ದಾರಿಯ ಹೊಗೆ ದಂಡವಾಯಿತು. ಒಳಗೆ ಕ್ರೇನು ಬರಲಾರದು, ಆದ್ದರಿಂದ ಯಂಕೋಬ ಹತ್ತು ಆಳು ಹಚ್ಚಿ, ಬೈಯುತ್ತ ಹಾಡುತ್ತ ಗೋಡೆಗಳನ್ನು ಹೆಗಲ ಮೇಲೆ ಹೊತ್ತು ಕಂಬದ ನಡುವೆ ನಿಲ್ಲಿಸಿದ. ಬೋಲ್ಟು ಬಿಗಿದರು. ಕೆಲಸ ಮುಗಿದ ಸಂಜೆ ನಾನು ಅಗಸಿಯಲ್ಲಿ ನಿಂತು ಉಳಿದ ಮರಿಹೊಗೆಯನ್ನು ಕರೆದೆ. ಛತ್ರದ ಹೆಸರು ಹೇಳಿದೆ. ಎಷ್ಟೋ ದಿನದ ಮೇಲೆ ನಾಲಿಗೆಗೆ ಕಹಿಯಾಗದ ಹೆಸರು. ಅದು ಬಂದು ಮಾಳಿಗೆಯ ಅಂಚಿನಲ್ಲಿ ಹೆದರಿ ನಿಂತಿತು. ಆಗ ಆ ಹಿರಿಯ, ಅಪ್ಪನ ಅಪ್ಪನ ಕಾಲದಿಂದ ಮಗ್ಗುಲು ಬದಲಿಸದ ಆ ಹಿರಿಯ, ತುಂಬಿದ ಬಸ್ಸಿನಲ್ಲಿ ಮುದುಕರು ಸರಿದು ಕೂಡುವ ಹಾಗೆ, ಇಷ್ಟೇ ಇಷ್ಟು ಸರಿದು ಜಾಗ ಕೊಟ್ಟಿತು. ನಾನು ನಿಂತಲ್ಲೇ ಸಾಷ್ಟಾಂಗ ಬಿದ್ದೆ.

ಹುಲಿಗೆವ್ವ ಅದೇ ತಿಂಗಳಲ್ಲಿ, ಆ ನಾಲ್ಕು ಕೋಣೆಯಲ್ಲಿ ಮೊದಲನೆಯದರಲ್ಲಿ, ಮಟಮಟ ಮಧ್ಯಾಹ್ನ ಹೆಣ್ಣುಕೂಸು ಹಡೆದಳು. ರೆಡಿಮೇಡ್ ಗೋಡೆ ತೆಳು, ಹೊರಗೆ ಕುಳಿತ ನನಗೆ ಅವಳ ಪ್ರತಿ ಉಸಿರೂ ಕೇಳುತ್ತಿತ್ತು. ಕೂಸಿನ ಮೊದಲ ಅಳು ಎಷ್ಟು ಉದ್ದವಿತ್ತೆಂದರೆ ನರ್ಸಮ್ಮ ಹೊರಗೆ ಬಂದು, "ಮೊಮ್ಮಗಳು ಹೊಗಿ ಕರಿಯಾಕ ಈಗ ಸುರು ಮಾಡ್ಯಾಳ ನೋಡ್ರಿ" ಎಂದಳು.

ಇದರಿಂದ ಕೆರೆಯಂಗಳ ತಿಳಿಯಾಯಿತೇ ಎಂದರೆ, ಇಲ್ಲ. ಸೂರಿಲ್ಲದ ಕಡೆಗೆ ಹೋದವನ್ನು ಹೆಸರಿಟ್ಟು ಹಿಂದೆ ಕರೆಯಲು ಬರುವುದಿಲ್ಲ. ನಮ್ಮ ಓಣಿಯಲ್ಲಿ ಅವು ಇನ್ನೂ ತಿರುಗುತ್ತಿವೆ. ಬಾಣಂತನ ಮುಗಿಯುವ ತನಕ ತಾಯಿ ಮಗು ಛತ್ರದಲ್ಲೇ ಇದ್ದು, ಅಲ್ಲಿಂದಲೇ ಗಂಡನ ಮನೆಗೆ ಹೋದರು. ನಾನು ಸಂಜೆ ಏರಿಯ ಮೇಲೆ ಒಂದು ಹಣತೆ ಹಚ್ಚಿ, ಮಜ್ಜಿಗೆ ಎರೆದು, ಕೂತು ಬರುತ್ತೇನೆ. ಕಾನೂನೂ ಹಾಗೇ ಇದೆ. ವನಜಾಕ್ಷಿ ತಮ್ಮ ಕಚೇರಿಗೆ ಹೋಗಿ ಏನು ಹೇಳಿದರೋ, ಯಾರಾದರೂ ಕೇಳಿದರೋ ಗೊತ್ತಿಲ್ಲ.

ನಿನ್ನೆ ಕಿರಾಣಿ ಅಂಗಡಿಯ ಯಮನೂರಪ್ಪ ಬಂದಿದ್ದ. ಅವನ ತಾತ ಕಟ್ಟಿದ ಮನೆ, ಒಂದು ಬಿರುಕೂ ಇಲ್ಲ. "ನಮ್ದೂ ಎಬ್ಬಿಸಿ ಕೊಡ್ರಿ ಅಯ್ಯಾರ, ಹಗುರ ಮನಿ ಕಟ್ಟಸ್ತೀನಿ" ಎಂದ. ನಾನು ವಸ್ತ್ರ ನೆನೆಸಲು ಏಳಲಿಲ್ಲ. "ಕಟ್ಟಸಪ್ಪ, ಬರ್ತೀನಿ. ಮೊದಲ ಯಾರ ಮನಿ ಹೆಸರು ಹೇಳ್ಲಿ, ಅದನ್ನ ಹೇಳು" ಎಂದೆ. ಅವನು ತಲೆ ಕೆರೆದುಕೊಂಡ. "ವಿಚಾರ ಮಾಡಿ ಹೇಳ್ತೀನ್ರಿ" ಎಂದು ಹೋದ. ಇವತ್ತು ಮುಂಜಾನೆ ನಾನು ಹಾಲಿಗೆಂದು ಆ ಬೀದಿಗೆ ಹೋದಾಗ ಅವನು ಅಂಗಡಿ ತೆರೆಯದೆ ರಸ್ತೆಯ ನಡುವೆ ನಿಂತು, ಕೈ ಹಣೆಗೆ ಅಡ್ಡ ಹಿಡಿದು, ತನ್ನ ಮಾಳಿಗೆಯ ಮೇಲೆ ಮಲಗಿದವರನ್ನು ಹೊಸದಾಗಿ ಕಂಡವನ ಹಾಗೆ ನೋಡುತ್ತಿದ್ದ.